ಕ್ರೋಕೆಟ್, ಡಾಲ್ಡಾ ಮತ್ತು ಯಮನೂರ ಜಾತ್ರೆಯ ಮಿರ್ಚಿ ಭಜಿ

2008ರ ಅಕ್ಟೋಬರ್ ಇರಬೇಕು. ಹಾಲೆಂಡಿನ ಉಟ್ರೆಕ್ಟ್ ರೈಲು ನಿಲ್ದಾಣದಲ್ಲಿ ನಾನು ಮತ್ತು ನನ್ನ ಗೆಳೆಯ ಒಂದು ಗೋಡೆಯ ಮುಂದೆ ನಿಂತಿದ್ದೆವು. ಗೋಡೆ ಅಂದರೆ ಬರೀ ಗೋಡೆಯಲ್ಲ. ಅಂಚೆ ಪೆಟ್ಟಿಗೆಯಷ್ಟು ಸಣ್ಣ ಸಣ್ಣ ಗಾಜಿನ ಖಾನೆಗಳು, ಒಂದೊಂದರಲ್ಲೂ ಬಿಸಿ ಬಿಸಿ ಕರಿದ ತಿಂಡಿ. ನಾಣ್ಯ ಹಾಕಿದರೆ ಬಾಗಿಲು ತೆರೆಯುತ್ತದೆ. ಮಾರುವವನ ಮುಖವನ್ನೇ ನೋಡುವ ಹಾಗಿಲ್ಲ.

ಕೆಲಸದ ಮೇಲೆ ಆರು ತಿಂಗಳಿಗೆಂದು ಹೋಗಿದ್ದೆವು. ನಾನು ಅಣ್ಣಿಗೇರಿಯವನು, ಲಿಂಗಾಯತರ ಮನೆ, ಮೊಟ್ಟೆಯನ್ನೂ ಮುಟ್ಟಿದವನಲ್ಲ. ಅವನು ನವಲಗುಂದದವನು, ಮುಸಲ್ಮಾನ. ಹುಬ್ಬಳ್ಳಿಯಲ್ಲಿ ಕಾಲೇಜು ಓದುವಾಗಿನಿಂದ ಜೊತೆ. ಹಸಿವು ಇಬ್ಬರಿಗೂ ಒಂದೇ ಸಮ.

"ಲೇ, ಇದು ನಡಿತೈತೇನಲೇ?" ಅಂತ ಅವನು ಕೇಳಿದ.

"ಯಾರಿಗೆ? ನಿನಗೋ ನನಗೋ?"

"ಮೊದಲ ನನಗ ಹೇಳು, ಆಮ್ಯಾಲೆ ನಿನ್ನ ವಿಚಾರ ಮಾಡೋಣು."

ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದದ್ದು ಎಲ್ಲೆಲ್ಲಿಗೋ ಮುಟ್ಟಿತು. ಕೊನೆಗೆ ನಮ್ಮೂರಿನ ಬಾಣಲೆಯ ಹತ್ತಿರವೇ ಬಂದು ನಿಂತಿತು. ಅದನ್ನೇ ಇಲ್ಲಿ ಬರೆದಿದ್ದೇನೆ, ಸ್ವಲ್ಪ ಉದ್ದವಾಯಿತು, ತಾಳ್ಮೆ ಇರಲಿ.

ಮೊದಲು ಆ ಗೋಡೆಯೊಳಗಿನ ತಿಂಡಿ ಏನು ಅಂತ ಹೇಳಬೇಕು. ಅದರ ಹೆಸರು ಕ್ರೋಕೆಟ್. ಮೂಲ ಫ್ರೆಂಚರದು, ಆದರೆ ಇವತ್ತು ಡಚ್ಚರಿಗೆ ನಮಗೆ ಮಿರ್ಚಿ ಭಜಿ ಇದ್ದ ಹಾಗೆ. ಬೆಣ್ಣೆಯಲ್ಲಿ ಮೈದಾ ಹುರಿದು, ಮಾಂಸದ ಸಾರು ಹಾಕಿ ಗಟ್ಟಿಯಾಗಿ ಕುದಿಸಿ, ಅದರಲ್ಲಿ ಬೇಯಿಸಿದ ದನದ ಅಥವಾ ಕರುವಿನ ಮಾಂಸದ ಎಳೆಗಳನ್ನು ಸೇರಿಸುತ್ತಾರೆ. ತಣ್ಣಗಾದ ಮೇಲೆ ಉದ್ದುದ್ದ ಉಂಡೆ ಮಾಡಿ, ಮೊಟ್ಟೆಯಲ್ಲಿ ಅದ್ದಿ, ಬ್ರೆಡ್ಡಿನ ಪುಡಿಯಲ್ಲಿ ಹೊರಳಿಸಿ ಎಣ್ಣೆಗೆ ಬಿಡುತ್ತಾರೆ. ಅದನ್ನೇ ನಿಂಬೆಹಣ್ಣಿನ ಗಾತ್ರಕ್ಕೆ ಗುಂಡಗೆ ಮಾಡಿದರೆ ಬಿಟರ್‌ಬಾಲ್. 'ಬಿಟರ್' ಅಂದರೆ ಅವರು ಜೊತೆಗೆ ಕುಡಿಯುವ ಕಹಿ ಮದ್ಯ. ಹೆಸರಿನಲ್ಲಿ ಮದ್ಯ ಇದೆಯೇ ಹೊರತು ಉಂಡೆಯೊಳಗೆ ಹಾಕುವ ಪದ್ಧತಿ ಇಲ್ಲ. ಇನ್ನೊಂದು ಫ್ರಿಕಾಂಡೆಲ್. 1950ರ ದಶಕದಲ್ಲಿ ಹುಟ್ಟಿದ ಕೊಳವೆಯಂಥ ತಿಂಡಿ, ಅದರಲ್ಲಿ ಕೋಳಿ, ಹಂದಿ, ಕೆಲವು ಕಡೆ ದನ, ಹಿಂದೆಲ್ಲಾ ಕುದುರೆಯ ಮಾಂಸವೂ. ಗೋಡೆಯಿಂದ ತೆಗೆದು ತಿನ್ನುವ ಪದ್ಧತಿಗೆ ಹೆಸರಾದ ಫೆಬೊ ಅಂಗಡಿ 1941ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಬೇಕರಿಯಾಗಿ ಶುರುವಾದದ್ದು.

ಈಗ ಗೆಳೆಯನ ಪ್ರಶ್ನೆ. ಫ್ರಿಕಾಂಡೆಲ್ ಸುದ್ದಿಗೇ ಹೋಗುವಂತಿಲ್ಲ, ಹಂದಿ ಇದೆ. ಕ್ರೋಕೆಟ್ ದನದ್ದು, ಆದ್ದರಿಂದ ನಡೆಯುತ್ತದೆ ಅಂತ ನಾನು ತಿಳಿದಿದ್ದೆ. ಅವನು ನಕ್ಕುಬಿಟ್ಟ. ದನದ ಮಾಂಸ ಎಂದ ಮಾತ್ರಕ್ಕೆ ಹಲಾಲ್ ಆಗುವುದಿಲ್ಲವಂತೆ. ಪ್ರಾಣಿಯನ್ನು ದೇವರ ಹೆಸರು ಹೇಳಿ, ಕುತ್ತಿಗೆ ಕೊಯ್ದು, ರಕ್ತ ಪೂರ್ತಿ ಹರಿಯಲು ಬಿಟ್ಟಿರಬೇಕು. ಕ್ರೈಸ್ತರು, ಯಹೂದಿಗಳು ಕೊಯ್ದ ಮಾಂಸ ನಡೆಯುತ್ತದೆ ಎನ್ನುವ ಮೌಲ್ವಿಗಳೂ ಇದ್ದಾರೆ, ಈಗಿನ ಕಾರ್ಖಾನೆಯ ಕಸಾಯಿಖಾನೆಗೆ ಆ ಮಾತು ಅನ್ವಯಿಸುವುದಿಲ್ಲ ಎನ್ನುವವರೂ ಇದ್ದಾರೆ.

ಸರಿ, ಮಾಂಸದ ಮಾತು ಮುಗಿಯಿತು ಅಂದರೆ ಸಾರು ಇದೆ. ಸಾರು ಗಟ್ಟಿಯಾಗಿ ನಿಲ್ಲಲಿ ಅಂತ ಎಷ್ಟೋ ಕಡೆ ಜೆಲಾಟಿನ್ ಹಾಕುತ್ತಾರೆ. ಜೆಲಾಟಿನ್ ಅಂದರೆ ಚರ್ಮ, ಎಲುಬು ಕುದಿಸಿ ತೆಗೆದ ಅಂಟು. ಯುರೋಪಿನಲ್ಲಿ ಅದು ಬಹುತೇಕ ಹಂದಿಯ ಚರ್ಮದ್ದು. ರೂಪ ಪೂರ್ತಿ ಬದಲಾದ ವಸ್ತು ಹಳೆಯ ವಸ್ತುವಲ್ಲ ಎಂಬ ವಾದವೂ ಅವರ ಧರ್ಮಶಾಸ್ತ್ರದಲ್ಲಿದೆ, ಆದರೆ ಜೆಲಾಟಿನ್ ವಿಷಯದಲ್ಲಿ ಎಲ್ಲರೂ ಅದನ್ನು ಒಪ್ಪುವುದಿಲ್ಲ. ಮೂರನೆಯದು ಬಾಣಲೆ. ಹಂದಿಯ ಫ್ರಿಕಾಂಡೆಲ್ ಕರಿದ ಎಣ್ಣೆಯಲ್ಲೇ ಆಲೂಗಡ್ಡೆಯನ್ನೂ ಕರಿದರೆ, ಆಲೂಗಡ್ಡೆಯ ತಪ್ಪೇನೂ ಇಲ್ಲದಿದ್ದರೂ ತಿನ್ನಲು ಆಗುವುದಿಲ್ಲ.

ಅಂದರೆ ಪ್ರಶ್ನೆ ಮೂರು. ಯಾವ ಮಾಂಸ, ಹೇಗೆ ಕೊಯ್ದದ್ದು? ಒಳಗೆ ಕಣ್ಣಿಗೆ ಕಾಣದೆ ಏನು ಸೇರಿದೆ? ಯಾವ ಎಣ್ಣೆ, ಅದರಲ್ಲಿ ಇನ್ನೇನು ಕರಿದಿದ್ದಾರೆ? ಮೂರಕ್ಕೂ ಸರಿಯಾದ ಉತ್ತರ ಸಿಕ್ಕರೆ ಕ್ರೋಕೆಟ್ ಹಲಾಲ್, ಒಂದು ತಪ್ಪಿದರೂ ಇಲ್ಲ. ಆ ಗೋಡೆಯ ಖಾನೆಗೆ ಬಾಯಿ ಇರಲಿಲ್ಲ, ನಾವು ಕೇಳುವುದು ಯಾರನ್ನು?

ನನ್ನ ಪಾಡೂ ಬೇರೆಯಾಗಿರಲಿಲ್ಲ. ಚೀಸ್ ತುಂಬಿ ಕರಿದ ಕಾಸ್‌ಸೂಫ್ಲೆ ಅಂತ ಒಂದು ಇತ್ತು. ಇದು ಸಸ್ಯಾಹಾರ ಅಂತ ಖುಷಿಯಿಂದ ನಾಣ್ಯ ತೆಗೆದೆ. ಆಗ ಗೆಳೆಯ, "ಚೀಸ್ ಹೆಪ್ಪು ಹಾಕೂದು ಕರುವಿನ ಹೊಟ್ಟಿಯೊಳಗಿಂದ ತಗದ ರಸದ್ಲೆ, ಗೊತ್ತೈತಿಲ್ಲೋ?" ಅಂದ. ನಾಣ್ಯ ವಾಪಸು ಕಿಸೆಗೆ ಹೋಯಿತು. ಆ ರಾತ್ರಿ ಇಬ್ಬರೂ ಬಾಳೆಹಣ್ಣು ತಿಂದು ಮಲಗಿದೆವು :-)

ಆಮೇಲೆ ಗೊತ್ತಾಯಿತು, ಹಾಲೆಂಡಿನಲ್ಲಿ ಹಲಾಲ್ ಕ್ರೋಕೆಟ್ ಬೇಕಾದಷ್ಟು ಸಿಗುತ್ತದೆ. ಅವರ ಸರ್ಕಾರ 1964ರಲ್ಲಿ ತುರ್ಕಿಯ ಜೊತೆ, 1969ರಲ್ಲಿ ಮೊರಾಕ್ಕೋ ಜೊತೆ ಒಪ್ಪಂದ ಮಾಡಿಕೊಂಡು ಕಾರ್ಖಾನೆಗಳಿಗೆ ಕೂಲಿಗಳನ್ನು ಕರೆಸಿತು. ಬಂದವರು ಅಲ್ಲೇ ಉಳಿದರು, ಮಕ್ಕಳಾದವು. ಆ ಮಕ್ಕಳಿಗೆ ಶಾಲೆಯ ಗೆಳೆಯರು ತಿನ್ನುವುದೇ ಬೇಕು. ಬೇಡಿಕೆ ಹುಟ್ಟಿತು, ತಿಂಡಿಯೂ ಹುಟ್ಟಿತು. ಒಂದು ತುರ್ಕಿ ಅಂಗಡಿಯಲ್ಲಿ ಗೆಳೆಯ ಎರಡು ಕ್ರೋಕೆಟ್ ತಿಂದ, ನಾನು ನೋಡುತ್ತಾ ಕುಳಿತೆ. ಅವನ ಪ್ರಶ್ನೆ ಬಗೆಹರಿಯಿತು, ನನ್ನದು ಹಾಗೇ ಉಳಿಯಿತು. 2010ರಲ್ಲಿ ಹೇಗ್ ನಗರದಲ್ಲಿ 'ಸಸ್ಯಾಹಾರಿ ಕಟುಕ' ಎಂಬರ್ಥದ ಹೆಸರಿನ ಒಂದು ಅಂಗಡಿ ಶುರುವಾಗಿ, ಮಾಂಸವಿಲ್ಲದ ಮಾಂಸದ ತಿಂಡಿಗಳನ್ನು ಮಾಡತೊಡಗಿತಂತೆ. ನಾವು ಎರಡು ವರ್ಷ ಮೊದಲೇ ಹೋಗಿದ್ದೆವು, ನಮ್ಮ ನಸೀಬು!

ಹಾಗಂತ ಅಲ್ಲಿ ಎಲ್ಲವೂ ಸಲೀಸಾಗಿತ್ತು ಅಂತಲ್ಲ. 2011ರಲ್ಲಿ ಡಚ್ ಸಂಸತ್ತಿನ ಕೆಳಮನೆ, ಪ್ರಜ್ಞೆ ತಪ್ಪಿಸದೆ ಪ್ರಾಣಿಗಳನ್ನು ಕೊಯ್ಯಬಾರದು ಎಂಬ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಅದನ್ನು ತಂದದ್ದು ಪ್ರಾಣಿಗಳ ಪಕ್ಷ ಎಂದೇ ಹೆಸರಿದ್ದ ಪಕ್ಷ. ಮುಸಲ್ಮಾನರೂ ಯಹೂದಿಗಳೂ ಒಟ್ಟಿಗೆ ನಿಂತು ವಿರೋಧಿಸಿದರು. 2012ರಲ್ಲಿ ಮೇಲ್ಮನೆ ಅದನ್ನು ತಿರಸ್ಕರಿಸಿತು.

ಇನ್ನೂ ಒಂದು ಸ್ವಾರಸ್ಯ ಇದೆ. ಈ ತಿಂಡಿ ಹಲಾಲ್ ಆಗಿ ಎಷ್ಟೋ ಕಾಲವಾಗಿತ್ತು, ಆದರೆ ಹಾಲೆಂಡಿನಲ್ಲಿ ಅಲ್ಲ, ಜಾವಾದಲ್ಲಿ. ಡಚ್ಚರು ಇಂಡೋನೇಷ್ಯಾವನ್ನು ಆಳುವಾಗ ಕ್ರೋಕೆಟ್ ಅಲ್ಲಿಗೂ ಹೋಯಿತು. ಅಲ್ಲಿನ ಮುಸಲ್ಮಾನ ಹೆಂಗಸರು ಅದನ್ನು ಬದಲಾಯಿಸಿಕೊಂಡರು. ಮೈದಾದ ಬದಲು ಬೇಯಿಸಿದ ಆಲೂಗಡ್ಡೆ, ಒಳಗೆ ಕೋಳಿ ಅಥವಾ ತರಕಾರಿ. ತಿನ್ನುವಾಗ ಪಕ್ಕದಲ್ಲಿ ಒಂದು ಹಸಿ ಮೆಣಸಿನಕಾಯಿ ಕಡಿದುಕೊಳ್ಳುತ್ತಾರೆ, ಥೇಟ್ ನಮ್ಮ ಕಡೆಯವರ ಹಾಗೆ. ಹೆಸರು ಮಾತ್ರ ಇವತ್ತಿಗೂ ಕ್ರೋಕೆಟ್ಟೇ.

ಇಲ್ಲಿಂದ ನಮ್ಮೂರಿಗೆ ಬರೋಣ. ಹಾಲೆಂಡಿನಿಂದ ನವಲಗುಂದಕ್ಕೆ ಹಾದಿ ಎಲ್ಲಿದೆ ಅಂತೀರಾ? ಇದೆ. ಆ ಹಾದಿಯ ಹೆಸರು ಡಾಲ್ಡಾ.

1869ರಲ್ಲಿ ಫ್ರಾನ್ಸಿನಲ್ಲಿ ಮೇಜ್-ಮೂರಿಯೆ ಎಂಬ ರಸಾಯನ ವಿಜ್ಞಾನಿ ದನದ ಕೊಬ್ಬಿನಿಂದ ಅಗ್ಗದ ಬೆಣ್ಣೆ ಮಾಡುವುದನ್ನು ಕಂಡುಹಿಡಿದ. ಅದೇ ಮಾರ್ಗರೀನ್. ಎರಡೇ ವರ್ಷಕ್ಕೆ ಹಾಲೆಂಡಿನ ಓಸ್ ಎಂಬ ಊರಿನ ಬೆಣ್ಣೆ ವ್ಯಾಪಾರಿಗಳಾದ ಯುರ್ಗೆನ್ಸ್ ಮನೆತನ ಆ ವಿದ್ಯೆಯನ್ನು ಕೊಂಡಿತು. ಅದೇ ಊರಿನ ಫಾನ್ ಡೆನ್ ಬರ್ಗ್ ಮನೆತನವೂ ಹಿಂದೆ ಬೀಳಲಿಲ್ಲ. 1902ರಲ್ಲಿ ಜರ್ಮನಿಯ ನಾರ್ಮನ್ ಎಂಬಾತ ಸಸ್ಯದ ಎಣ್ಣೆಗೆ ಹೈಡ್ರೋಜನ್ ಹಾಯಿಸಿ ಅದನ್ನು ಗಟ್ಟಿ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದ. ಅಲ್ಲಿಂದ ಗಟ್ಟಿ ಕೊಬ್ಬಿಗೆ ದನವೇ ಬೇಕು ಎಂಬುದು ತಪ್ಪಿತು. ಓಸ್‌ನ ಎರಡೂ ಮನೆತನಗಳು 1927ರಲ್ಲಿ ಒಂದಾಗಿ, ಆಮೇಲೆ ಇಂಗ್ಲೆಂಡಿನ ಸಾಬೂನಿನ ಲೀವರ್ ಕಂಪನಿಯ ಜೊತೆ ಸೇರಿ 1930ರ ಹೊತ್ತಿಗೆ ಯೂನಿಲೀವರ್ ಆಯಿತು.

ಆ ಕಾಲಕ್ಕೆ ಹಾಲೆಂಡಿನಿಂದ ಗಟ್ಟಿ ಮಾಡಿದ ಎಣ್ಣೆ ಮುಂಬಯಿಗೆ ಬರುತ್ತಿತ್ತು. ತರಿಸುತ್ತಿದ್ದ ಕಂಪನಿಯ ಹೆಸರು ದಾದಾ. ಲೀವರ್ ಕಂಪನಿ ಇಲ್ಲೇ ತಯಾರಿಸಲು ಹೊರಟಾಗ ಆ 'ದಾದಾ'ದ ನಡುವೆ ತನ್ನ ಹೆಸರಿನ ಮೊದಲ ಅಕ್ಷರ ತೂರಿಸಿ 'ಡಾಲ್ಡಾ' ಮಾಡಿತು ಅಂತ ಕಥೆ ಹೇಳುತ್ತಾರೆ. 1937ರಲ್ಲಿ ಡಾಲ್ಡಾ ಮಾರುಕಟ್ಟೆಗೆ ಬಂತು. ಹಳದಿ ಡಬ್ಬಿ, ಮೇಲೆ ಹಸಿರು ತಾಳೆಮರದ ಚಿತ್ರ. ನನ್ನ ವಯಸ್ಸಿನವರಿಗೆ ಡಬ್ಬಿಯ ನೆನಪು ಇದ್ದೇ ಇರುತ್ತದೆ. ಖಾಲಿಯಾದ ಮೇಲೆ ಅದರಲ್ಲಿ ತುಳಸಿ ಹಚ್ಚುತ್ತಿದ್ದರು, ಸಾಸಿವೆ ಜೀರಿಗೆ ಇಡುತ್ತಿದ್ದರು, ಬೆಳಿಗ್ಗೆ ಹೊಲದ ಕಡೆ ಹೋಗುವಾಗ ನೀರು ಒಯ್ಯುತ್ತಿದ್ದದ್ದೂ ಅದರಲ್ಲೇ.

ಅದಕ್ಕೂ ಮೊದಲು ನಮ್ಮ ಕಡೆ ಕರಿಯುತ್ತಿದ್ದದ್ದು ಕುಸುಬಿ ಎಣ್ಣೆ, ಇಲ್ಲವೇ ಶೇಂಗಾ ಎಣ್ಣೆ. ಅಣ್ಣಿಗೇರಿ, ನವಲಗುಂದದ ಎರಿಭೂಮಿಯಲ್ಲಿ ಹಿಂಗಾರಿಗೆ ಕಡಲೆ, ಕುಸುಬಿ, ಜೋಳ. ನಮ್ಮೂರಿನ ಕೃಷಿ ಸಂಶೋಧನಾ ಕೇಂದ್ರದಿಂದ ಬಂದ 'ಅಣ್ಣಿಗೇರಿ-1' ಕಡಲೆ ಎಷ್ಟೋ ಜಿಲ್ಲೆಗಳಲ್ಲಿ ಹೆಸರು ಮಾಡಿದ್ದು ರೈತರಿಗೆಲ್ಲಾ ಗೊತ್ತು. ಮಿರ್ಚಿ ಭಜಿಯ ಹಿಟ್ಟೂ ಎಣ್ಣೆಯೂ ಒಂದೇ ಹೊಲದ ಎರಡು ಸಾಲಿನಿಂದ ಬರುತ್ತಿತ್ತು ಅನ್ನಿ. ಗಾಣ ಊರಲ್ಲೇ, ಎತ್ತು ತಿರುಗುವುದು ಕಣ್ಣ ಮುಂದೆ. "ಯಾವ ಎಣ್ಣಿ?" ಅಂತ ಯಾರೂ ಕೇಳುತ್ತಿರಲಿಲ್ಲ, ಕೇಳುವ ಅಗತ್ಯವೇ ಇರಲಿಲ್ಲ.

ಹಾಗಾದರೆ ಆಗ ಏನನ್ನೂ ಕೇಳುತ್ತಿರಲಿಲ್ಲವೇ? ಕೇಳುತ್ತಿದ್ದರು. "ಕರಿದವರು ಯಾರು?" ಅಂತ ಕೇಳುತ್ತಿದ್ದರು. ಇದನ್ನು ಮುಚ್ಚಿಟ್ಟು 'ಆ ಕಾಲ ಎಷ್ಟು ಚೆಂದ' ಅಂತ ಬರೆಯಲು ನನಗೆ ಮನಸ್ಸಿಲ್ಲ. ನಾನು ಚಿಕ್ಕವನಿದ್ದಾಗ ನಮ್ಮ ಕಡೆಯ ಒಂದು ಹಳ್ಳಿಯ ಚಹಾದಂಗಡಿಯಲ್ಲಿ ದಲಿತರಿಗೆ ಬೇರೆ ಕಪ್ಪು, ಹೊರಗಿನ ಕಟ್ಟೆಯ ಮೇಲೆ. ಸಂವಿಧಾನದ 17ನೇ ವಿಧಿ ಇತ್ತು, 1955ರ ಕಾಯ್ದೆಯೂ ಇತ್ತು, ಕಪ್ಪುಗಳು ಮಾತ್ರ ಬೇರೆಯೇ ಇದ್ದವು. ಆ ಮಂದಿ ಕರಿದ ಭಜಿಯನ್ನು ನಮ್ಮ ಓಣಿಯವರು ಕೊಂಡು ತಿಂದದ್ದು ನಾನು ನೋಡಿಲ್ಲ. ಅದೇ ಕಡಲೆ ಹಿಟ್ಟು, ಅದೇ ಕುಸುಬಿ ಎಣ್ಣೆ. ವಸ್ತುವಿನಲ್ಲಿ ದೋಷ ಇರಲಿಲ್ಲ, ದೋಷ ಹುಡುಕಿದ್ದು ಮನುಷ್ಯನಲ್ಲಿ.

ಇದಕ್ಕೆ ಹೊರತಾಗಿದ್ದ ಒಂದು ಜಾಗ ಅಂದರೆ ಜಾತ್ರೆ. ನವಲಗುಂದ ತಾಲ್ಲೂಕಿನ ಯಮನೂರಿಗೆ ನೀವು ಹೋಗಿರಬಹುದು. ಹೋಳಿ ಹುಣ್ಣಿಮೆ ಮುಗಿದ ಮೇಲೆ ಅಲ್ಲಿ ದೊಡ್ಡ ಉರುಸು. ಮುಸಲ್ಮಾನರಿಗೆ ಅವನು ರಾಜಾಬಾಗ್‌ಸವಾರ, ಹಿಂದೂಗಳಿಗೆ ಚಾಂಗದೇವ. ಇಬ್ಬರೂ ಬೆಣ್ಣೆಹಳ್ಳದಲ್ಲಿ ಮಿಂದು ಅದೇ ಗದ್ದುಗೆಗೆ ಕೈ ಮುಗಿಯುತ್ತಾರೆ. ಹಳ್ಳದ ನೀರು ಹಾಕಿದರೆ ಅಲ್ಲಿ ದೀಪ ಉರಿಯುತ್ತದೆ, ಎಣ್ಣೆಯೇ ಬೇಡ ಎಂಬ ನಂಬಿಕೆ ಇದೆ. ದೀಪಕ್ಕೆ ಎಣ್ಣೆ ಬೇಡದಿದ್ದರೂ ಹೊರಗೆ ಸಾಲಾಗಿ ಕುಳಿತ ಬಾಣಲೆಗಳಿಗೆ ಬೇಕಲ್ಲ! ಮಿರ್ಚಿ, ಬದನೆಕಾಯಿ ಭಜಿ, ಪಕ್ಕದಲ್ಲಿ ಗಿರ್ಮಿಟ್. ಗೆಳೆಯನ ದೊಡ್ಡಪ್ಪ ಅಲ್ಲಿ ವರ್ಷಾ ಒಂದು ಬಾಣಲೆ ಇಡುತ್ತಿದ್ದರು. ನಾವೆಲ್ಲಾ ಅವರನ್ನು ಚಾಚಾ ಅಂತಲೇ ಕರೆಯುವುದು. ಅವರ ಮನೆಯ ಹೆಂಗಸರು ನವಲಗುಂದದ ಜಮಖಾನ ನೇಯುವವರು. ಜಾತ್ರೆಯ ಗದ್ದಲದಲ್ಲಿ ಚಾಚಾನ ಮುಂದೆ ಕೈ ಚಾಚಿದವರ ಜಾತಿ ಯಾವುದು ಅಂತ ನೋಡುವ ಪುರಸೊತ್ತು ಯಾರಿಗೂ ಇರುತ್ತಿರಲಿಲ್ಲ.

ಇನ್ನು 1983. ನರಗುಂದ-ನವಲಗುಂದದ ರೈತ ಬಂಡಾಯ ಆಗಿ ಮೂರು ವರ್ಷ, ಬೆಂಗಳೂರಿನಲ್ಲಿ ರಾಮಕೃಷ್ಣ ಹೆಗಡೆಯವರ ಸರ್ಕಾರ ಬಂದ ವರ್ಷ. ಸಾಬೂನು ಮಾಡಲೆಂದು ವಿದೇಶದಿಂದ ತರಿಸುತ್ತಿದ್ದ ಅಗ್ಗದ ದನದ ಕೊಬ್ಬನ್ನು ಉತ್ತರ ಭಾರತದಲ್ಲಿ ಕೆಲವರು ವನಸ್ಪತಿಯಲ್ಲಿ ಬೆರೆಸುತ್ತಿದ್ದಾರೆ ಎಂಬ ಸುದ್ದಿ ಹೊರಬಿತ್ತು. ದೇಶಕ್ಕೆ ದೇಶವೇ ಬೆಚ್ಚಿತು, ಪಾರ್ಲಿಮೆಂಟಿನಲ್ಲಿ ಗದ್ದಲ ಎದ್ದಿತು. ಸರ್ಕಾರ ದನದ ಕೊಬ್ಬಿನ ಆಮದನ್ನೇ ನಿಲ್ಲಿಸಿತು.

ವನಸ್ಪತಿಯ ಮೇಲೆ ಜನಕ್ಕೆ ಮೊದಲಿನಿಂದಲೂ ಗುಮಾನಿ ಇತ್ತು. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಅದನ್ನು ನಿಷೇಧಿಸಬೇಕೆಂಬ ಕೂಗೂ ಎದ್ದಿತ್ತು. ಆಗಿನ ದೂರು, ಇದನ್ನು ತುಪ್ಪದಲ್ಲಿ ಕಲಬೆರಕೆ ಮಾಡುತ್ತಾರೆ ಅಂತ. ಅದಕ್ಕೇ ವನಸ್ಪತಿಯಲ್ಲಿ ಕಡ್ಡಾಯವಾಗಿ ನೂರಕ್ಕೆ 5ರಷ್ಟು ಎಳ್ಳೆಣ್ಣೆ ಸೇರಿಸಬೇಕು ಎಂಬ ನಿಯಮ ಬಂತು. ತುಪ್ಪಕ್ಕೆ ವನಸ್ಪತಿ ಬೆರೆಸಿದ್ದರೆ, ಪ್ರಯೋಗಶಾಲೆಯಲ್ಲಿ ಆಮ್ಲ ಹಾಕಿ ಪರೀಕ್ಷಿಸಿದಾಗ ಎಳ್ಳೆಣ್ಣೆಯಿಂದಾಗಿ ಅದು ಗುಲಾಬಿ ಬಣ್ಣಕ್ಕೆ ತಿರುಗಿ ಕಳ್ಳತನ ಬಯಲಾಗುತ್ತದೆ. ತುಪ್ಪವನ್ನು ವನಸ್ಪತಿಯಿಂದ ಕಾಯಲು ಉಪಾಯ ಇತ್ತು. ವನಸ್ಪತಿಗೆ ಕೊಬ್ಬು ಸೇರುವುದನ್ನು ಮನೆಯಲ್ಲಿ ಕುಳಿತವರು ತಿಳಿಯುವ ಉಪಾಯ ಇರಲಿಲ್ಲ.

ಆ ವರ್ಷ ನಮ್ಮ ಅವ್ವ ಮನೆಯಲ್ಲಿದ್ದ ವನಸ್ಪತಿಯನ್ನು ತಿಪ್ಪೆಗೆ ಸುರಿದು ಬಂದು ತಲೆ ಮೇಲೆ ನೀರು ಹಾಕಿಕೊಂಡದ್ದು ನನಗೆ ಚೆನ್ನಾಗಿ ನೆನಪಿದೆ. ಎಷ್ಟೋ ವರ್ಷದ ನಂತರ, ಉಟ್ರೆಕ್ಟಿನ ಆ ಬಾಳೆಹಣ್ಣಿನ ರಾತ್ರಿ, ಇದನ್ನು ಗೆಳೆಯನಿಗೆ ಹೇಳಿದೆ. ಅವನು ಎದ್ದು ಕುಳಿತ.

"ಲೇ, ನಮ್ಮ ಅಮ್ಮಾನೂ ಚೆಲ್ಲಿದ್ಳೋ!"

ನನಗೆ ಆಶ್ಚರ್ಯ. "ನಿಮಗೇನು, ದನದ್ದ ಅಲ್ಲೇನು ಅದು?"

"ಯಾವ ದೇಶದಾಗ, ಯಾರು, ಹೆಂಗ ಕೊಯ್ದಿದ್ರೋ ಏನೋ. ಸತ್ತ ದನದ್ದೋ ಏನೋ. ನಮಗ ಹರಾಮ್ ಅದು."

ನಾನು ಅಲ್ಲಿಯವರೆಗೂ ಅದನ್ನು ನಮ್ಮೊಬ್ಬರ ದುಃಖ ಅಂತ ತಿಳಿದಿದ್ದೆ. ಒಂದೇ ಡಬ್ಬಿ. ನಮಗೆ ಅದು ಗೋವು ಅಂತ ಬೇಡ, ಅವರಿಗೆ ಕ್ರಮವಾಗಿ ಕೊಯ್ದದ್ದಲ್ಲ ಅಂತ ಬೇಡ, ಜೈನರಿಗೆ ಯಾವ ಪ್ರಾಣಿಯದ್ದೂ ಬೇಡ. ಕೊಬ್ಬಿನ ಮಾತು ಬಂದರೆ ಎಲ್ಲರೂ 1857ರ ತೋಟಾಗಳನ್ನು ನೆನೆಯುತ್ತಾರೆ. ದನದ್ದೂ ಹಂದಿಯದ್ದೂ ಕೊಬ್ಬು ಸವರಿದ್ದಾರೆ ಎಂಬ ಸುದ್ದಿಗೆ ಹಿಂದೂ ಮುಸಲ್ಮಾನ ಸಿಪಾಯಿಗಳು ಒಟ್ಟಿಗೆ ಸಿಡಿದರು. (ನಮ್ಮ ನರಗುಂದದ ಬಾಬಾಸಾಹೇಬರು 1858ರಲ್ಲಿ ಎದ್ದದ್ದು ಕೊಬ್ಬಿಗಾಗಿ ಅಲ್ಲ, ದತ್ತು ತೆಗೆದುಕೊಳ್ಳಲು ಬ್ರಿಟಿಷರು ಬಿಡಲಿಲ್ಲ ಅಂತ. ಅದು ಬೇರೆ ಕಥೆ.) ತೋಟಾವನ್ನು ಬಾಯಲ್ಲಿ ಕಚ್ಚಬೇಕಿತ್ತು, ವನಸ್ಪತಿಯನ್ನು ನುಂಗಿಯೇ ಬಿಟ್ಟಿದ್ದೆವು. ಎರಡು ಸಲವೂ ಪ್ರಶ್ನೆ ಕೇಳಿದ್ದು ವಸ್ತುವನ್ನು. ಇದರೊಳಗೆ ಏನಿದೆ?

ಈ ಪ್ರಶ್ನೆ ಕ್ರಮೇಣ ಕಾನೂನಾಯಿತು. 2000-2001ರಲ್ಲಿ ಪೊಟ್ಟಣಗಳ ಮೇಲೆ ಸಸ್ಯಾಹಾರಕ್ಕೆ ಹಸಿರು, ಮಾಂಸಾಹಾರಕ್ಕೆ ಕಂದು ಚುಕ್ಕೆ ಹಾಕಬೇಕೆಂಬ ನಿಯಮ ಬಂತು. ಈಗ ಮಾಂಸಾಹಾರಕ್ಕೆ ಕಂದು ತ್ರಿಕೋನ. ಅದೇ ಕಾಲಕ್ಕೆ ಅಮೆರಿಕದಲ್ಲಿ ಮೆಕ್‌ಡೊನಾಲ್ಡ್ಸ್ ಮೇಲೆ ಮೊಕದ್ದಮೆ ಬಿತ್ತು. ಅವರು 1990ರಲ್ಲೇ ದನದ ಕೊಬ್ಬು ಬಿಟ್ಟು ಸಸ್ಯದ ಎಣ್ಣೆಗೆ ಬಂದೆವು ಅಂತ ಸಾರಿದ್ದರು, ಆದರೆ ಆಲೂಗಡ್ಡೆಗೆ ದನದ ಮಾಂಸದ ರುಚಿ ಸೇರಿಸುವುದನ್ನು ಬಿಟ್ಟಿರಲಿಲ್ಲ. 2001ರಲ್ಲಿ ಸಿಯಾಟಲ್‌ನ ಹರೀಶ್ ಭಾರ್ತಿ ಎಂಬ ಭಾರತೀಯ ಮೂಲದ ವಕೀಲರು ದಾವೆ ಹೂಡಿದರು. 2002ರಲ್ಲಿ ಕಂಪನಿ ಕ್ಷಮೆ ಕೇಳಿ 1 ಕೋಟಿ ಡಾಲರ್ ಕೊಡಲು ಒಪ್ಪಿತು. 2021ರ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್ ಇನ್ನೂ ಮುಂದೆ ಹೋಗಿ, ಒಂದು ಚಿಟಿಕೆ ಹಾಕಿದ್ದರೂ ಅದು ಗಿಡದ್ದೋ ಪ್ರಾಣಿಯದ್ದೋ ಅಂತ ಪೊಟ್ಟಣದ ಮೇಲೆ ಹೇಳಲೇಬೇಕು ಎಂದಿತು. ಚಿಪ್ಸ್, ನೂಡಲ್ಸ್‌ಗಳಿಗೆ ರುಚಿಗೆ ಹಾಕುವ ಇ631 ಎಂಬ ಪುಡಿಯ ಮಾತು ಅಲ್ಲಿ ಬಂದಿತ್ತು. ಅದನ್ನು ಮೀನಿನಿಂದಲೂ ಹಂದಿಯಿಂದಲೂ ತೆಗೆಯಬಹುದು. ಈ ತೀರ್ಪಿನ ಲಾಭ ನನಗೆಷ್ಟೋ ಗೆಳೆಯನಿಗೂ ಅಷ್ಟೇ.

ಹಲಾಲ್ ಗುರುತಿನ ಕೆಲಸವೂ ಇದೇ, ಇದರೊಳಗೆ ಏನಿದೆ ಅಂತ ಕೇಳಿ ಉತ್ತರ ಬರೆದಿಡುವುದು. ಹಸಿರು ಚುಕ್ಕೆ ಸರ್ಕಾರದ್ದು, ಹಲಾಲ್ ಪ್ರಮಾಣಪತ್ರ ನಮ್ಮಲ್ಲಿ ಖಾಸಗಿ ಸಂಸ್ಥೆಗಳು ಕೊಡುತ್ತಾ ಬಂದದ್ದು. ಅದಕ್ಕೆ ಸರಿಯಾದ ಮೇಲ್ವಿಚಾರಣೆ ಬೇಕು ಅಂತ ಯಾರಾದರೂ ಕೇಳಿದರೆ ನನ್ನ ತಕರಾರಿಲ್ಲ. ಅದೂ ವಸ್ತುವನ್ನು ಕುರಿತ ಪ್ರಶ್ನೆಯೇ.

ಆದರೆ 2022ರಲ್ಲಿ ನಮ್ಮ ರಾಜ್ಯದಲ್ಲಿ ಆದದ್ದು ಬೇರೆ. ಯುಗಾದಿಯ ಮುಂಚೆ, ಹೊಸತೊಡಕಿಗೆ ಹಲಾಲ್ ಮಾಂಸ ಕೊಳ್ಳಬೇಡಿ ಎಂಬ ಪ್ರಚಾರ ಎದ್ದಿತು. ಅದರ ಜೊತೆಜೊತೆಗೇ ಜಾತ್ರೆಗಳಲ್ಲಿ ಮುಸಲ್ಮಾನರ ಅಂಗಡಿ ಬೇಡ ಎಂಬ ಕೂಗು. ಏಪ್ರಿಲ್ 9ರಂದು ಧಾರವಾಡದ ಹತ್ತಿರದ ನುಗ್ಗಿಕೇರಿ ಹನುಮಂತನ ಗುಡಿಯ ಎದುರು ಒಬ್ಬ ಮುಸಲ್ಮಾನ ವ್ಯಾಪಾರಿಯ ಕಲ್ಲಂಗಡಿ ಹಣ್ಣುಗಳನ್ನು ನೆಲಕ್ಕೆ ಹಾಕಿ ಒಡೆದರು. ಟಿವಿಯಲ್ಲಿ ನೋಡುತ್ತಾ ಕುಳಿತಿದ್ದೆ. ಕಲ್ಲಂಗಡಿಗೆ ಎಣ್ಣೆ ಇಲ್ಲ, ಕೊಬ್ಬು ಇಲ್ಲ, ಅದನ್ನು ಯಾರೂ ಮಂತ್ರ ಹೇಳಿ ಕೊಯ್ಯುವುದಿಲ್ಲ. ಅದರೊಳಗೆ ಏನಿದೆ ಅಂತ ಕೇಳುವ ಪ್ರಸಂಗವೇ ಬರುವುದಿಲ್ಲ. ನಾವು ಎಲ್ಲಿಂದ ಹೊರಟಿದ್ದೆವೋ ಅಲ್ಲಿಗೇ ಬಂದಿದ್ದೆವು. ಮಾರುವವನು ಯಾರು?

ಇಲ್ಲಿಗೆ ನಿಲ್ಲಿಸಿದರೆ ನಾನು ದೊಡ್ಡ ಮನುಷ್ಯ ಅನ್ನಿಸಿಕೊಳ್ಳಬಹುದಿತ್ತು. ಆದರೆ ಒಂದು ಮಾತು ಹೇಳುವುದಿದೆ.

ಅದೇ ವರ್ಷ ನಮ್ಮ ತಮ್ಮನ ಮಗಳಿಗೆ ತೊಟ್ಟಿಲು ಹಾಕುವ ಕಾರ್ಯಕ್ರಮ. ಕಲಘಟಗಿಯಿಂದ ಬಣ್ಣದ ತೊಟ್ಟಿಲು ತಂದಾಗಿತ್ತು. ಮೊದಲಿನಿಂದಲೂ ನಮ್ಮ ಮನೆಯ ಕಾರ್ಯಗಳಲ್ಲಿ ಬೆಳಗಿನ ನಾಷ್ಟಾಕ್ಕೆ ಭಜಿ ಕರಿಯಲು ಬರುತ್ತಿದ್ದವರು ಆ ಚಾಚಾ. ಬಂಧುಗಳೊಬ್ಬರು, "ಈ ಸಲ ಅಂವಾ ಬ್ಯಾಡ" ಅಂದರು.

"ಯಾಕ?"

"ಯಾವ ಎಣ್ಣಿಯೊಳಗ ಕರಿತಾನೋ ಏನೋ."

ಅಲ್ಲಿ ಕುಳಿತ ಎಲ್ಲರಿಗೂ ಗೊತ್ತಿತ್ತು, ಎಣ್ಣೆ ಕೊಡುವವರು ನಾವೇ. ಡಬ್ಬಿ ಒಡೆದು ಬಾಣಲೆಗೆ ಸುರಿಯುವುದು ನಮ್ಮ ಮನೆಯ ಹೆಂಗಸರೇ. ಕಡಲೆ ಹಿಟ್ಟು ನಮ್ಮದು, ಮೆಣಸಿನಕಾಯಿ ನಮ್ಮದು, ಬಾಣಲೆ ಕೂಡ ನಮ್ಮದೇ. ಚಾಚಾನದು ಎರಡು ಕೈ ಮಾತ್ರ. ನಾನು ಬಾಯಿ ತೆರೆಯಬೇಕಿತ್ತು. ಕಾರ್ಯ ಕೆಡಬಾರದು ಅಂತ ಸುಮ್ಮನಿದ್ದೆ. ಬೇರೆ ಯಾರೋ ಬಂದು ಕರಿದರು, ಎಲ್ಲರೂ ತಿಂದರು.

ಗೆಳೆಯನಿಗೆ ಸುದ್ದಿ ಹೋಗದೆ ಇರುತ್ತದೆಯೇ? ಜಗಳ ಮಾಡಲಿಲ್ಲ. ಎರಡು ತಿಂಗಳು ಬಿಟ್ಟು ಸಿಕ್ಕಾಗ ಒಂದೇ ಮಾತು ಅಂದ. "ಎಣ್ಣಿ ನಿಮ್ಮ ಮನೀದ ಇತ್ತಲ್ಲೋ." ಉಟ್ರೆಕ್ಟಿನಲ್ಲಿ ಒಂದೊಂದು ಖಾನೆಯ ಮುಂದೆ ನಿಂತು, ಇದು ನಿನಗೆ ನಡೆಯುತ್ತದೆಯೇ ಅಂತ ನನ್ನ ಸಲುವಾಗಿಯೂ ವಿಚಾರಿಸಿದವನು ಅವನು. ನಾನು ಉತ್ತರ ಕೊಡಲಿಲ್ಲ, ಇರಲೂ ಇಲ್ಲ.

ಕ್ರೋಕೆಟ್ ಹಲಾಲ್ ಆಗುತ್ತದೋ ಇಲ್ಲವೋ ಎಂಬ ಪ್ರಶ್ನೆ ಕೇಳುವುದರಲ್ಲಿ ತಪ್ಪೇನೂ ಇಲ್ಲ ಅಂತ ನನಗೆ ಈಗ ಅನ್ನಿಸುತ್ತದೆ. ಅದು ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರ ಇದೆ, ಪೊಟ್ಟಣ ಓದಿದರೆ ಸಿಗುತ್ತದೆ, ಅಂಗಡಿಯವನನ್ನು ಕೇಳಿದರೆ ಸಿಗುತ್ತದೆ. ಬೇಡವಾದರೆ ಬಿಟ್ಟು ಬಾಳೆಹಣ್ಣು ತಿನ್ನಬಹುದು, ಯಾರ ಮನಸ್ಸೂ ನೋಯುವುದಿಲ್ಲ. ಎಣ್ಣೆಯ ಹೆಸರು ಹೇಳಿ ಮನುಷ್ಯನನ್ನು ಹೊರಗಿಡುವಾಗ ಮಾತ್ರ ಅದಕ್ಕೆ ಉತ್ತರ ಇರುವುದಿಲ್ಲ. ಡಬ್ಬಿಯನ್ನು ನೀವೇ ಕೊಟ್ಟಿದ್ದರೂ ಸಾಲುವುದಿಲ್ಲ.

ಮುಂದಿನ ಯಮನೂರ ಜಾತ್ರೆಗೆ ಹೋದೆ. ಚಾಚಾಗೆ ವಯಸ್ಸಾಗಿದೆ, ಬಾಣಲೆಯ ಮುಂದೆ ಈಗ ಮಗ ಕೂರುತ್ತಾನೆ. ಚಾಚಾ ಪಕ್ಕದಲ್ಲಿ ಕುಳಿತು ಮೆಣಸಿನಕಾಯಿ ಸೀಳುತ್ತಿದ್ದರು. ನನ್ನನ್ನು ನೋಡಿ ನಕ್ಕರು. ಹಿಂದೆ ಇಟ್ಟಿದ್ದ ಎಣ್ಣೆ ಡಬ್ಬಿಯ ಕಡೆ ಕೈ ಮಾಡಿ, "ಏನಪಾ, ಡಬ್ಬಿ ತೋರಸ್ಲೇನು?" ಅಂದರು.

"ಬ್ಯಾಡ ಚಾಚಾ. ಒಂದು ಪ್ಲೇಟ್ ಕೊಡ್ರಿ."

ಎರಡು ಪ್ಲೇಟ್ ಕೊಟ್ಟರು. ಒಂದರ ದುಡ್ಡು ಮಾತ್ರ ತಗೊಂಡರು.